ಅತ್ತೆಯ ಕವಡೆ, ನಮ್ಮ ವೈಫೈ

ಕಣ್ಣಿಗೆ ಕಾಣದ್ದನ್ನು ನಂಬುವುದು ನನಗೆಂದೂ ಕಷ್ಟವಾಗಿಲ್ಲ. ಬೆಳಿಗ್ಗೆ ಗುಬ್ಬಿಯ ಮನೆಯಲ್ಲಿ ವಿಭೂತಿ ಹಚ್ಚಿಕೊಂಡು, ಬಸ್ಸು ಹತ್ತಿ ತುಮಕೂರಿನ ಕಾನ್ವೆಂಟಿಗೆ ಬಂದು, ಅಲ್ಲಿ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳಿ, ಸಂಜೆ ಮತ್ತೆ ಅಜ್ಜಿಯ ಪಕ್ಕ ಕೂತು ಕೈ ಮುಗಿದು ಬೆಳೆದವಳು ನಾನು. ಕಾಣದ ಶಕ್ತಿಗಳ ಪರಿಚಯ ಎರಡೂ ಕಡೆಯಿಂದ ಆಗಿತ್ತು. ಆದರೂ ಕಳೆದ ತಿಂಗಳು ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ವೈಫೈ ಬಂದಾಗ ಆದ ಬೆರಗೇ ಬೇರೆ. ಅಂಗೈಯಗಲದ ಒಂದು ಬಿಳಿ ಡಬ್ಬಿ, ನೆಟ್ಟಗೆ ನಿಂತ ಎರಡು ಕೊಂಬು, ಹೊಟ್ಟೆಯ ಮೇಲೆ ನಾಲ್ಕು ಹಸಿರು ದೀಪ. ಅದರಿಂದ ಹೊರಟದ್ದು ಗೋಡೆ ದಾಟಿ, ಒಗ್ಗರಣೆಯ ಘಾಟು ದಾಟಿ, ನಡುವೆ ಪೊರಕೆ ಹಿಡಿದು ನಿಂತ ನನ್ನನ್ನೂ ದಾಟಿ ಹೋಗಿ ಅಡುಗೆಮನೆಯ ಫೋನಿನಲ್ಲಿ ಹಾಡುತ್ತದೆ ಎಂದರೆ! ಮೊದಲ ದಿನವೆಲ್ಲ ಡಬ್ಬಿಗೂ ಫೋನಿಗೂ ನಡುವೆ ಓಡಾಡುವಾಗ ನಾನು ಸ್ವಲ್ಪ ಬಗ್ಗಿಯೇ ಹೋಗುತ್ತಿದ್ದೆ. ಇಬ್ಬರು ಮಾತಾಡುತ್ತಿರುವಾಗ ನಡುವೆ ದಾಟಬಾರದು ಎಂದು ಕಲಿಸಿದ್ದರಲ್ಲ.

ವೈಫೈ ಹಾಕಿಸಿದ್ದು ಅತ್ತೆಗಾಗಿ. ಅತ್ತೆಗೆ ಎಪ್ಪತ್ತಾರು ವರ್ಷ. ಕುಣಿಗಲ್ಲಿನಲ್ಲಿರುವ ಅವರ ತಂಗಿಗೆ, ಅಂದರೆ ನಮ್ಮ ಚಿಕ್ಕತ್ತೆಗೆ, ಎಪ್ಪತ್ತೆರಡು. ಅಕ್ಕತಂಗಿಯರು ಲಂಗ ತೊಡುವ ಕಾಲದಿಂದ ಚೌಕಾಬಾರ ಆಡಿಕೊಂಡು ಬಂದವರು. ತಿಂಗಳಿಗೊಮ್ಮೆ ಚಿಕ್ಕತ್ತೆ ಬಸ್ಸಿನಲ್ಲಿ ಬಂದಿಳಿದರೆ ಎರಡು ದಿನ ಮನೆಯಲ್ಲಿ ಕವಡೆಯ ಸದ್ದು ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಈ ವರ್ಷ ಚಿಕ್ಕತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಸ್ಸು ಹತ್ತುವುದು ನಿಂತಿತು, ಆಟ ನಿಲ್ಲಲಿಲ್ಲ. ಅಲ್ಲೊಂದು ಮಣೆ, ಇಲ್ಲೊಂದು ಮಣೆ; ವಿಡಿಯೋ ಕಾಲ್ ಮಾಡಿ ಫೋನನ್ನು ಚೊಂಬಿಗೆ ಒರಗಿಸಿಟ್ಟು, ಅವರವರ ಕವಡೆ ಅವರವರು ಹಾಕಿ, ಇಬ್ಬರ ಕಾಯಿಗಳನ್ನೂ ಇಬ್ಬರೂ ನಡೆಸುವುದು. ಫೋನಿನ ಡೇಟಾ ಮಧ್ಯಾಹ್ನದೊಳಗೆ ಮುಗಿದುಹೋಗುತ್ತಿತ್ತು. ಅದಕ್ಕೇ ಈ ಡಬ್ಬಿ.

ಡಬ್ಬಿ ಅಡುಗೆಮನೆಗೆ ಕೊಟ್ಟಿತು, ಮಹಡಿಗೆ ಕೊಟ್ಟಿತು, ಗೇಟಿನ ಬಳಿ ನಿಂತ ಎದುರು ಮನೆಯವರಿಗೂ ಕೊಡಲು ಸಿದ್ಧವಾಗಿತ್ತು. ಯಾರಿಗಾಗಿ ತಂದಿದ್ದೆವೋ ಆ ಅತ್ತೆಯ ರೂಮಿಗೆ ಮಾತ್ರ ಕೊಸರಾಡುತ್ತ ಕೊಡುತ್ತಿತ್ತು. ಚಿತ್ರ ಒಂದು ಗಳಿಗೆ ನಡೆಯುವುದು, ಒಂದು ಗಳಿಗೆ ಕಲ್ಲಾಗುವುದು. ಮೂರನೆಯ ದಿನವೇ ಜಗಳ ಹತ್ತಿತು. ನಾನು ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ.

“ಏನ್ ಬಿತ್ತು ಅಕ್ಕ?”

“ಬಾರ ಕಣೇ. ಎಂಟು.”

“ನಂಗ್ ಕಾಣ್ಲೇ ಇಲ್ವಲ್ಲ.”

“ಕಾಣ್ದಿದ್ರೆ ನಾನೇನ್ ಮಾಡ್ಲೇ? ಬಿದ್ದಿದ್ದು ಬಾರ.”

“ಕವಡೆ ಎತ್ಕೊಳೋವಾಗ ಚೆನ್ನಾಗೇ ಇರ್ತೀಯ, ಹಾಕೋವಾಗ ಬೊಂಬೆ ಥರ ನಿಂತೋಗ್ತೀಯ. ನಾಕ್ ಸಲ ನಿಂತೋದೆ. ನಾಕ್ ಸಲಾನೂ ಬಾರಾನೇ ಬಿತ್ತಾ?”

“ಏನೇ ಹಂಗಂದ್ರೆ?”

“ನೀನು ಚಿಕ್ಕೋಳಿದ್ದಾಗ್ಲೂ ಹಿಂಗೇ ಕಣಕ್ಕ. ಲಂಗದ ಅಂಚಲ್ಲಿ ಕವಡೆ ಮಗುಚಿಬಿಡ್ತಿದ್ದೆ. ನಂಗೇನ್ ಗೊತ್ತಿಲ್ಲ ಅನ್ಕೊಂಡಿದ್ಯಾ?”

ಅತ್ತೆ ಫೋನನ್ನು ಚೊಂಬಿನ ಮುಂದೆ ಬೋರಲು ಹಾಕಿಬಿಟ್ಟರು. ಅಲ್ಲಿಗೆ ಅರವತ್ತು ವರ್ಷಕ್ಕೂ ಮಿಕ್ಕಿದ ಆಟ ನಿಂತಿತು. ಐದು ದಿನ ಆ ಕಡೆಯಿಂದಲೂ ಫೋನಿಲ್ಲ, ಈ ಕಡೆಯಿಂದಲೂ ಇಲ್ಲ. ಅತ್ತೆ ಒಬ್ಬರೇ ಮಣೆಯ ಮುಂದೆ ಕೂತು ಎರಡೂ ಕಡೆಯ ಕಾಯಿ ನಡೆಸುತ್ತಿದ್ದರು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯತೊಡಗಿತು. “ನಿಂಗೇನಾರ ಕುಣಿಗಲ್ಲಿಂದ ಫೋನ್ ಬಂದಿತ್ತಾ ಸುಮಾ?” ಎಂದು ಕೇಳಿ, ನಾನು ಇಲ್ಲವೆಂದರೆ, “ಬರದಿದ್ರೆ ಬೇಡ ಬುಡು, ಸುಮ್ನೆ ಕೇಳ್ದೆ” ಎನ್ನುವರು. ಸುಮ್ಮನೆ ಕೇಳುವುದು ದಿನಕ್ಕೆ ನಾಲ್ಕು ಸಲ ಆಗುತ್ತಿತ್ತು. ಚಿಕ್ಕತ್ತೆಗೆ ಹಾಸಿಗೆಯ ಪಕ್ಕದ ಆ ಫೋನು ಬಿಟ್ಟರೆ ಬೇರೆ ಏನಿತ್ತು ಎಂದು ನನಗೆ ಸಂಕಟ.

ಹೀಗಾಗಿ ಡಬ್ಬಿಯನ್ನು ಸರಿಮಾಡುವ ಹೊಣೆ ನಾನೇ ಹೊತ್ತೆ. ಅಚ್ಚಾದ ಇಂಗ್ಲಿಷಿಗೆ ವಿಧೇಯಳಾಗಿರುವುದು ಕಾನ್ವೆಂಟು ನನಗೆ ಕೊಟ್ಟ ಗುಣ. ಡಬ್ಬಿಯ ಜೊತೆ ಬಂದಿದ್ದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ, ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಓದಿದೆ. ಇದನ್ನು ನೀರಿನಲ್ಲಿ ಮುಳುಗಿಸಬಾರದು ಎಂಬುದಕ್ಕೂ ಗೆರೆ ಎಳೆದೆ. ಸಹಾಯವಾಣಿಗೆ ಫೋನು ಮಾಡಿದರೆ ಒಬ್ಬಾಕೆ, ಆಫ್ ಮಾಡಿ ಮೂವತ್ತು ಎಣಿಸಿ ಆನ್ ಮಾಡಿ ಅಂದಳು. ಕಾನ್ವೆಂಟಿನ ನಮ್ಮ ಸಿಸ್ಟರ್ ಕೂಡ ಕ್ಲಾಸಿನಲ್ಲಿ ಮಾತಾಡಿದವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಮೂವತ್ತು ಎಣಿಸುತ್ತಿದ್ದರು. ತಿರುಗಿದಾಗ ನಾವು ನಿಜಕ್ಕೂ ಸುಧಾರಿಸಿರುತ್ತಿದ್ದೆವು. ಡಬ್ಬಿ ಸುಧಾರಿಸಲಿಲ್ಲ. ಒಂದೇ ದಿನ ಹನ್ನೊಂದು ಸಲ ಮೂವತ್ತು ಎಣಿಸಿದೆ. ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಬಂದ ನಮ್ಮ ಯಜಮಾನರು ಶೂ ಬಿಚ್ಚುತ್ತ, “ಅದ್ರ ಮುಂದೆ ನಿಂತ್ಕೊಂಡು ಲೆಕ್ಕ ಯಾಕ್ ಒಪ್ಪಿಸ್ತಿದೀಯ? ಬರೋನು ಬಂದು ನೋಡ್ತಾನೆ, ಒಂದ್ ಕಾಫಿ ಕೊಡು” ಅಂದರು.

ರಿಪೇರಿಗೆ ಬಂದವರು ಊರ್ಡಿಗೆರೆಯ ನಿಂಗರಾಜು. ನಲವತ್ತು ದಾಟಿದ, ಮೀಸೆ ನರೆತ, ಚಪ್ಪಲಿಯನ್ನು ಜೋಡಿಸಿ ಬಿಡುವ ಮನುಷ್ಯ. ಜೋಡಿಸಿದ ಚಪ್ಪಲಿ ನೋಡಿಯೇ ನನಗೆ ಭರವಸೆ ಬಂತು. ಯಾವುದೂ ವಾರೆಯಾಗಿದ್ದರೆ ನನಗೆ ತಡೆಯುವುದಿಲ್ಲ. ಅವರು ತಮ್ಮ ಫೋನನ್ನು ಮಂಗಳಾರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದರು. ನಾನು ಹಿಂದೆ ಹಿಂದೆ. ಹಾಲಿನಲ್ಲಿ ಫೋನಿನೊಳಗಿನ ಸಿಗ್ನಲ್ ಮುಳ್ಳು ತುದಿಗೇರುತ್ತಿತ್ತು. ಅತ್ತೆಯ ರೂಮಿಗೆ ಕಾಲಿಟ್ಟರೆ ಮಲಗಿಬಿಡುತ್ತಿತ್ತು. ಫೋನನ್ನು ಅಲ್ಲೇ ಮಂಚದ ಮೇಲಿಟ್ಟು, ವಾಪಸು ಬಂದು ನಮ್ಮ ಶೋಕೇಸಿನ ಮುಂದೆ ನಿಂತರು.

ಈ ಶೋಕೇಸಿನ ವಿಷಯ ಹೇಳಬೇಕು. ಹಾಲನ್ನೇ ಎರಡು ಮಾಡಿ ಅತ್ತೆಗೊಂದು ರೂಮು ತೆಗೆದಾಗ ಗೋಡೆಯ ಬದಲು ಇದನ್ನು ಮರದಲ್ಲಿ ಮಾಡಿಸಿದ್ದೆವು. ಹಾಲಿನ ಕಡೆಗೆ ಗಾಜು, ಅತ್ತೆಯ ಕಡೆಗೆ ಜಾರುವ ಪುಟ್ಟ ಬಾಗಿಲುಗಳು. ಒಳಗೆ ಮದುವೆಗೆ, ಗೃಹಪ್ರವೇಶಕ್ಕೆ ಬಂದ ಸ್ಟೀಲಿನ ತಟ್ಟೆಗಳು ಹೆಸರು ಕೆತ್ತಿಸಿಕೊಂಡು, ಊಟಕ್ಕೆ ಒಮ್ಮೆಯೂ ಬಾರದೆ, ಇಪ್ಪತ್ತು ವರ್ಷದಿಂದ ಸಾಲಾಗಿ ನಿಂತಿದ್ದವು. ವೈಫೈ ಹಾಕುವವರು ಬಂದ ದಿನ, ಧೂಳು ಕೂರದಿರಲಿ ಎಂದು ಡಬ್ಬಿಯನ್ನು ಅದೇ ತಟ್ಟೆಗಳ ಮುಂದೆ ಕೂರಿಸಲು ಹೇಳಿದವಳು ನಾನೇ. ವೈರನ್ನೂ ಅಷ್ಟಕ್ಕೇ ಕತ್ತರಿಸಿ ಹೋಗಿದ್ದರು. ಮೇಲೆ ನಾನೇ ಹೆಣೆದ ಕ್ರೋಶಾ ಮುಸುಕು ಬೇರೆ.

“ಇಲ್ಲಿ ಕೂರ್ಸಿ ಅಂದೋರು ಯಾರು ಮೇಡಂ?”

ನಾನು ಸೀಲಿಂಗ್ ಫ್ಯಾನ್ ನೋಡಿದೆ.

“ಇಟ್ಟಿಗೆ ಗೋಡೆನಾದ್ರೂ ದಾಟುತ್ತೆ ಮೇಡಂ, ಸ್ಟೀಲ್ ದಾಟಲ್ಲ. ನೀವು ಅದ್ರ ಬೆನ್ನಿಗೆ ಕೋಟೆನೇ ಕಟ್ಬಿಟ್ಟಿದೀರ!” ಎಂದು ಅವರು ಹಿಂದಿನ ತಟ್ಟೆಗಳನ್ನು ಎತ್ತಿದರು. ಅತ್ತೆಯ ಮಂಚದ ಮೇಲಿದ್ದ ಫೋನಿನಲ್ಲಿ ಮುಳ್ಳು ಎದ್ದು ನಿಂತಿತು. ತಟ್ಟೆ ಇಟ್ಟರು, ಮುಳ್ಳು ಬಿತ್ತು. ನನಗೆ ಮೈ ಜುಮ್ಮೆಂದಿತು. ನನ್ನ ಮೂಳೆಮಾಂಸವನ್ನೆಲ್ಲ ಲೆಕ್ಕಕ್ಕಿಡದೆ ಹಾದುಹೋಗುವ ಶಕ್ತಿ, ಯಾರೋ ಮುಯ್ಯಿಗೆ ಕೊಟ್ಟ ತಟ್ಟೆಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತದೆ! ಅತ್ತೆಯೂ ಬೆರಗಾಗಿ ಬಾಗಿಲಿಗೆ ಬಂದು ನಿಂತಿದ್ದರು.

“ಎಲ್ಲಿ, ಇನ್ನೊಂದ್ಸಲ ಇಡಪ್ಪ.” ಇಟ್ಟರು. “ತೆಗಿ.” ತೆಗೆದರು.

“ಹಿತ್ತಾಳೇದಾದ್ರೂ ಹಿಂಗೇನಾ?”

“ಯಾವ್ದಾದ್ರೂ ಅಷ್ಟೇ ಅಜ್ಜಿ.”

“ಸಣ್ಣ ತಟ್ಟೆ ಇಟ್ರೆ?”

“ಸ್ವಲ್ಪ ಸ್ವಲ್ಪ ನುಸುಳ್ಕೊಂಡ್ ಬರುತ್ತೆ. ದೊಡ್ಡದಾದ್ರೆ ಪೂರ್ತಿ ಬಂದ್.”

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಅತ್ತೆಯಲ್ಲಿ ಇಷ್ಟೊಂದು ವಿಜ್ಞಾನದ ಕುತೂಹಲ ಇದೆಯಲ್ಲ ಎಂದು ನನಗೆ ಕಣ್ಣು ಒದ್ದೆಯಾಯಿತು. ತಟ್ಟೆಗಳೆಲ್ಲ ಅಟ್ಟ ಹತ್ತಿದವು. ಒಂದು ದೊಡ್ಡ ಹರಿವಾಣವನ್ನು ಮಾತ್ರ, ಎಲೆ ಅಡಿಕೆ ಇಟ್ಟುಕೊಳ್ಳಲು ಬೇಕು ಎಂದು ಅತ್ತೆ ಉಳಿಸಿಕೊಂಡರು.

ಅಂದೇ ನಾನು ಚಿಕ್ಕತ್ತೆಗೆ ಫೋನು ಮಾಡಿ, ಕೊಂಬಿನಿಂದ ತಟ್ಟೆಯವರೆಗೆ ಎಲ್ಲ ವಿವರಿಸಿದೆ. ತಪ್ಪು ನನ್ನ ಪಾತ್ರೆಗಳದು, ಅತ್ತೆಯದಲ್ಲ, ಅವರು ಅಂಥವರಲ್ಲ, ಅವರ ಮಾತಿಗೆ ನಾನು ಜವಾಬ್ದಾರಿ ಅಂದೆ. “ತಟ್ಟೆ ಅಡ್ಡ ಬಂದಿತ್ತಾ? ಆಯ್ತು ಬುಡಮ್ಮ, ನೀನ್ ಹೇಳ್ತೀಯ ಅಂತ ಒಪ್ಕೊತೀನಿ. ಮಣೆ ಹಾಕು ಅನ್ನು ಅವ್ಳಿಗೆ” ಎಂದು ಚಿಕ್ಕತ್ತೆ ಮೂಗೆಳೆದುಕೊಂಡರು. ಅತ್ತೆ ಮಣೆಯನ್ನು ಆಗಲೇ ಹಾಕಿದ್ದರು.

ಎಂಥ ಚಿತ್ರ ಬಂತು! ಚಿಕ್ಕತ್ತೆಯ ಮೂಗುತಿಯ ಹರಳೂ ಕಾಣುತ್ತಿತ್ತು. ನಾಲ್ಕು ದಿನ ಮನೆಯಲ್ಲಿ ಕವಡೆಯ ಸದ್ದೇ ಸದ್ದು. ತಟ್ಟೆಯಲ್ಲಿ ಮುದ್ದೆ ಉಳಿಯಲಿಲ್ಲ. ಒಂದು ಸಣ್ಣ ಸಂಗತಿಯನ್ನು ಮಾತ್ರ ನಾನು ಗಮನಿಸಿದ್ದೆ: ನಾಲ್ಕು ದಿನವೂ ಗೆದ್ದದ್ದು ಚಿಕ್ಕತ್ತೆ. ಅತ್ತೆಗೆ ಬಾರ ಬೀಳುವುದು ಹೆಚ್ಚುಕಮ್ಮಿ ನಿಂತೇಹೋಗಿತ್ತು.

ಐದನೆಯ ಮಧ್ಯಾಹ್ನ ಶೋಕೇಸಿನ ಗಾಜು ಒರೆಸುತ್ತಿದ್ದೆ. ಒಳಗಿನಿಂದ ಚಿಕ್ಕತ್ತೆಯ ಸಂಭ್ರಮ ಕೇಳುತ್ತಿತ್ತು: “ನೋಡ್ಕೊಳಕ್ಕ, ಇನ್ನೊಂದೇ ಮನೆ. ನನ್ ಕೊನೇ ಕಾಯಿ ಹಣ್ಣು! ಹಾಕು, ಅದೇನ್ ಹಾಕ್ತೀಯೋ ಹಾಕು.” ಆಗ ನನ್ನ ಕಣ್ಣೆದುರೇ ಆ ಕಡೆಯ ಜಾರುಬಾಗಿಲು ಬೆರಳಗಲ ಸರಿಯಿತು. ಹಸಿರು ಬಳೆಯ ಕೈಯೊಂದು ಒಳಬಂತು. ಹಿಂದೆಯೇ ಹರಿವಾಣ ಮೆಲ್ಲಗೆ ಏರಿ ಡಬ್ಬಿಯ ಬೆನ್ನಿಗೆ ನಿಂತಿತು. ಅದರ ಅಂಚಿನಲ್ಲಿ ನನ್ನದೇ ಹೆಸರು: ಗುಬ್ಬಿಯಿಂದ ನನ್ನ ಜೊತೆ ಬಂದ ಹರಿವಾಣ ಅದು. ಚಿಕ್ಕತ್ತೆಯ ಮಾತು ನಡುವೆಯೇ ತುಂಡಾಯಿತು. ಮಣೆಯ ಮೇಲೆ ಕವಡೆ ಉರುಳಿದ ಸದ್ದು ಬಂತು. “ಬಾರ!” ಎಂದರು ಅತ್ತೆ, ಯಾರೂ ಇಲ್ಲದ ಕೋಣೆಗೆ.

ಪುಸ್ತಕವನ್ನೆಲ್ಲ ಓದಿ, ಹನ್ನೊಂದು ಸಲ ಮೂವತ್ತು ಎಣಿಸಿ ನಾನು ಡಬ್ಬಿಯ ಬಗ್ಗೆ ಕಲಿತದ್ದು ಇದರ ಮುಂದೆ ಏನೇನೂ ಅಲ್ಲ ಎಂದು ಬಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. “ಏನಾಯ್ತಮ್ಮ ಸುಮಾ? ಸರಿಯಾಗಿತ್ತಲ್ಲ?” ಎಂದು ಚಿಕ್ಕತ್ತೆ. ಗಾಜಿನಾಚೆ, ಹರಿವಾಣದ ಪಕ್ಕದ ಸಂದಿಯಲ್ಲಿ, ಅತ್ತೆಯ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

“ಸಿಗ್ನಲ್ ಪ್ರಾಬ್ಲಂ ಚಿಕ್ಕತ್ತೆ,” ಅಂದೆ. ಉಚ್ಚಾರಣೆ ನಮ್ಮ ಸಿಸ್ಟರ್ ಮೆಚ್ಚುವಷ್ಟು ಸ್ವಚ್ಛವಾಗಿತ್ತು. ಫೋನಿಟ್ಟ ಮೇಲೆ ನೋಡಿದರೆ ಹರಿವಾಣ ಸ್ವಲ್ಪ ವಾರೆಯಾಗಿ ನಿಂತಿತ್ತು. ಮೊದಲೇ ಹೇಳಿದೆನಲ್ಲ, ವಾರೆಯಾಗಿದ್ದರೆ ನನಗೆ ತಡೆಯುವುದಿಲ್ಲ. ಗಾಜು ಸರಿಸಿ, ಡಬ್ಬಿಯ ಬೆನ್ನು ಪೂರ್ತಿ ಮುಚ್ಚುವಂತೆ ನೆಟ್ಟಗೆ ನಿಲ್ಲಿಸಿದೆ.