ಹೊಸ ಗ್ಯಾಸಿನ ಫ್ರಿಜ್ಜಿಗೆ ನೊರೆ ಪೂಜೆ

ನಮ್ಮ ರಾಯದುರ್ಗದ ಓಣ್ಯಾಗ ಹೊತ್ತು ಹೋಗಾಕ ಟಿವಿ ಬೇಕಾಗಿಲ್ರಿ. ಬಾಗಲಾಗ ಕುಂತು ಶೇಂಗಾ ಸುಲಿತಿದ್ರ ಸಾಕು, ನಗಿ ತಾನ ನಡ್ಕೊಂಡು ಬರ್ತೈತಿ. ಎದುರುಮನ್ಯಾಗ ಫ್ರಿಜ್ ರಿಪೇರಿ ಅಂಗಡಿ ಇಟ್ಟಮ್ಯಾಲಂತೂ ಓಡ್ಕೊಂಡು ಬರಾಕತ್ತೈತಿ.

ಆ ಮೆಕ್ಯಾನಿಕ್ ಬಳ್ಳಾರ್ಯಾಗ ಕೆಲಸ ಕಲ್ತು ಬಂದಾವ. ಅವನ ಹೆಂಡ್ತಿ ಅಣ್ಣ ಬೆಂಗಳೂರಿನ ಗಾರ್ಮೆಂಟ್‌ನಾಗ ಅದಾನ. "ಇಲ್ಲಿ ಇಸ್ತ್ರಿ ಕೆಲಸ ಖಾಲಿ ಐತಿ, ಬರ್ರಿ" ಅಂತ ದಿನಾ ಫೋನು. ಹೆಂಡ್ತಿ ಗಡುವು ಕೊಟ್ಟಿದ್ಲು: "ಯುಗಾದಿ ಒಳಗ ಅಂಗಡಿ ನಡೀಲಿಲ್ಲಂದ್ರ ಗಂಟು ಕಟ್ಟೋದ." ಅವರು ಹೋದ್ರ ಎದುರುಮನಿಗೆ ಬೀಗ. ಬೀಗದ ಸುದ್ದಿ ಎಷ್ಟಂತ ಮಾತಾಡ್ಲಿ ನಾನು?

ಬೋರ್ಡು

"ಹೊಸ ನಮೂನಿ ಗ್ಯಾಸು. ಭೂಮಿ ಬಿಸಿ ಮಾಡಲ್ಲ" ಅಂತ ಬೋರ್ಡ್ ಬರೆಸಿದ. ಹಳೇ ಗ್ಯಾಸು ಸೋರಿ ಮ್ಯಾಲೆ ಹೋದ್ರ ಬಿಸ್ಲು ಹೆಚ್ಚಾಗ್ತೈತಂತ, ಇದು ಅಷ್ಟು ಕೆಟ್ಟದ್ದಲ್ಲಂತ. ಒಂದು ನರಪಿಳ್ಳಿ ಬರ್ಲಿಲ್ಲ. ಕಡೀಗೆ ಗುಮ್ಮಗಟ್ಟ ಕಡೆ ಕುರಿ ಕಾಯೋ ತಾತ ಒಬ್ಬ ಬಂದು ಬೋರ್ಡ್ ಓದಿಸ್ಕೊಂಡ.

"ಎಷ್ಟು ಗ್ಯಾಸ್ ಬೇಕಾಗ್ತೈತಪ್ಪ?"

ಮೆಕ್ಯಾನಿಕ್ ಮುಖ ಅರಳ್ತು. "ನಿಮ್ಮ ಫ್ರಿಜ್ ಎಷ್ಟು ದೊಡ್ಡದೈತಿ ತಾತ?"

"ಫ್ರಿಜ್ ಯಾರತ್ರ ಐತೋ? ಹೊಲ ಐತಿ. ಕುರಿ ಕಾಲು ಸುಡಾಕತ್ತಾವ, ಒಂಚೂರು ತಣ್ಣಗ ಮಾಡಿಕೊಡು."

ಒಲಿ

ಆಮ್ಯಾಲ ಹಿಂದಿನ ಓಣಿ ಮುದುಕಿ ಬಂದ್ಲು. ಈಕಿ ಸೊಸಿ ಜೀನ್ಸ್ ಹೊಲಿಯಾಕ ಹೋಗ್ತಾಳ, ಮನ್ಯಾಗ ಫ್ರಿಜ್ ಕೆಟ್ಟೈತಿ. ಮೆಕ್ಯಾನಿಕ್‌ಗ ಬಾಯಿ ಸುಮ್ನಿರಲ್ಲ. "ಅಮ್ಮಾ, ಈ ಗ್ಯಾಸು ಅಡುಗೆ ಗ್ಯಾಸಿನ ತಮ್ಮ ಇದ್ದಂಗ್ರಿ" ಅಂದ್ಬಿಟ್ಟ.

"ಹಂಗಂದ್ರ ಅದರಾಗಿಂದ ಒಂದು ಪೈಪ್ ಎಳೆದು ಒಲಿಗೆ ಕೊಡು. ಸಿಲಿಂಡರ್ ಬರೋತನ ನಡೀತೈತಿ."

"ಅಯ್ಯ, ಅದರಾಗ ಇರೋದು ಚೂರ್ರಿ. ಒಂದು ಚಾ ಸೈತ ಕುದಿಯಲ್ಲ."

ಮುದುಕಿ ಸೆರಗು ಕೊಡವಿದ್ಲು. "ಚಾ ಕುದಿಸಲಾರದ ಗ್ಯಾಸಿಗೆ ಅಷ್ಟು ದೊಡ್ಡ ಬೀರು ಯಾಕಪ್ಪ? ಕೆಲಸಕ್ಕ ಬಾರದ್ದನ್ನ ಮನ್ಯಾಗ ಕೂಡಿಸ್ಕೊಳ್ಳಾಕ ನನ್ನ ಮಗ ಒಬ್ಬನ ಸಾಕು!"

ನೊರೆ

ಯುಗಾದಿ ಹತ್ರ ಬಂದ ಬಿಡ್ತು. ಎದುರುಮನಿಯಾಕಿ ಪಾತ್ರಿ ಮೂಟಿ ಕಟ್ಟಾಕತ್ತಿದ್ಲು. ಅಷ್ಟ್ರಾಗ ಜೀನ್ಸ್ ಹೊಲಿಯೋ ಶೆಡ್ ಮುಂದಿನ ಸೋಡಾ ಅಂಗಡಿ ಅಕ್ಕ ಒಪ್ಪಿದ್ಲು, ಹೊಸ ಗ್ಯಾಸಿಗಂತ್ಲೇ ಮಾಡಿದ, ಕೂಲ್‌ಡ್ರಿಂಕ್ಸ್ ತಣ್ಣಗಿಡೋ ಫ್ರಿಜ್ ಡಬ್ಬಿ ಇಡಾಕ. ಅದು ತಣ್ಣಗಾದ್ರ ಶೆಡ್ ಮಂದಿಯೆಲ್ಲ ನೋಡ್ತಾರ, ಮೆಕ್ಯಾನಿಕ್ ಉಳ್ದ. ಕೆಟ್ರ ಬೆಂಗಳೂರು ಬಸ್ಸು. ನಾನು ಶೇಂಗಾ ಮೊರದ ಸಮೇತ ಹೋಗಿ ಕುಂತೆ.

ಡಬ್ಬಿನ ಬಯಲಾಗ ಇಟ್ಟು, "ಯಾರೂ ಬೀಡಿ ಹಚ್‌ಬ್ಯಾಡ್ರಿ, ಈ ಗ್ಯಾಸಿಗೆ ಬೆಂಕಿ ತಾಗಿದ್ರ ಭಗ್ ಅಂತೈತಿ" ಅಂದ. ಗಂಡಸ್ರು ಬೀಡಿ ಆರಿಸಿದ್ರು. ಗ್ಯಾಸ್ ತುಂಬಿದ. ಇನ್ನ ಪೈಪಿನ ಬೆಸುಗಿ ಸೋರ್ತೈತೇನಂತ ನೋಡಾಕ ಚೊಂಬಿನ್ಯಾಗ ಸೋಪ್ ನೀರು ಕಲಸಾಕತ್ತಿದ್ದ. ಒಳಗಿಂದ ಅಕ್ಕ ಹೊಂಟು ಬಂದ್ಲು, ಕೈಯಾಗ ತಟ್ಟಿ, ತಟ್ಟ್ಯಾಗ ಧಗಧಗ ಕರ್ಪೂರ! ಹೊಸ ಸಾಮಾನು ಆರತಿ ಇಲ್ದ ಚಾಲೂ ಮಾಡ್ತಾರೇನು ನಮ್ಮ ಕಡೆ? ಬೀಡಿ ಬ್ಯಾಡಂದಿದ್ದು ಆಕಿ ಕೇಳ್ಯಾಳ, ಕರ್ಪೂರ ಬೀಡಿ ಅಲ್ಲಲ್ಲ!

ಮೆಕ್ಯಾನಿಕ್ "ಅಯ್ಯಯ್ಯೋ" ಅಂತ ಎಗರಿ ಚೊಂಬು ಆರತಿ ಮ್ಯಾಲೇ ಸುರಿದ. ಚುಂಯ್ ಅಂತು. ಅಕ್ಕನ ಮುಖಕ್ಕೆಲ್ಲ ನೊರಿ.

"ಆರತಿ ಆರಿಸ್ದೇನೋ, ಪಾಪಿ! ತಗೊಂಡ್ಹೋಗು ನಿನ್ನ ಡಬ್ಬಿ!"

ಮುಗೀತು ಇವನ ಕಥಿ, ಅಂದ್ಕೊಂಡೆ. ಅವ ಚೊಂಬು ಕೆಳಗಿಟ್ಟ. ಆಮ್ಯಾಲ ಕೈ ಮುಗ್ದ.

"ಅಕ್ಕಾ, ಈ ಗ್ಯಾಸಿಗೆ ಬೆಂಕಿ ಆರತಿ ನಡಿಯಲ್ರಿ. ನೊರೆ ಪೂಜೆ ಐತಿ. ಗುಳ್ಳಿ ಎದ್ರ ಅಪಶಕುನ. ಏಳ್ಲಿಲ್ಲಂದ್ರ ಶುಭ."

ಉಳಿದ ನೊರಿ ಬೆಸುಗಿಗೆ ಸವರಿದ. ಶೆಡ್ ಹೆಣ್ಮಕ್ಕಳೆಲ್ಲ ಮಷೀನ್ ಬಿಟ್ಟು ಬಂದು ಉಸಿರು ಹಿಡ್ಕೊಂಡು ಬಗ್ಗಿದ್ರು. ಒಂದು ಗುಳ್ಳಿ ಏಳ್ಲಿಲ್ಲ. ಅಕ್ಕ ಮುಖ ಒರೆಸ್ಕೊಂಡು ಡಬ್ಬಿಗೆ ಕುಂಕುಮ ಹಚ್ಚಿದ್ಲು, ಕಾಯಿ ಒಡದ್ಲು. ಹೊತ್ತು ಇಳಿಯೋದ್ರಾಗ ಸೋಡಾ ಹಲ್ಲು ಜುಂ ಅನ್ನೋಹಂಗ ತಣ್ಣಗಿತ್ತು.

ಮರುದಿನ ಎದುರುಮನಿ ಬಾಗಲಾಗ ಜಾತ್ರಿ. "ನಮ್ಮ ಫ್ರಿಜ್ಜಿಗೂ ನೊರೆ ಪೂಜೆ ಮಾಡಪ್ಪ." "ಮಂಗ್ಳಾರ ನಡೀತೈತೇನು?" ಬೀರು ಬೈದಿದ್ದ ಮುದುಕಿ ತಲಿಸ್ನಾನ ಮಾಡ್ಕೊಂಡು ಬಂದು ಮುಂದ ನಿಂತಿದ್ಲು.

ಸಂಜಿಗೆ ಬೆಂಗಳೂರು ಫೋನು. ನಾನೇನು ಕದ್ದು ಕೇಳ್ಲಿಲ್ರಿ, ಅವರ ಕಿಡಕಿ ಹತ್ರ ಶೇಂಗಾ ಚೆಲ್ಲಿದ್ವು, ಆರಿಸ್ತಿದ್ದೆ. ಹೆಂಡ್ತಿ ಅಂದ್ಲು:

"ಇಸ್ತ್ರಿಗೆ ಬ್ಯಾರೆಯವ್ರನ್ನ ನೋಡ್ಕೊಳ್ಳಣ್ಣ. ನಮ್ಮ ಮನಿಯವ್ರು ಪೂಜಾರಿ ಆಗ್ಯಾರ."