ಮಾವನ ಮೋಲ್ಡ್ ಪಂಚಾಂಗ

ತುಮಕೂರಿನಲ್ಲಿ ಮನೆ ಕಟ್ಟಬೇಕೆಂದಿದ್ದೀರಾ? ಹಾಗಾದರೆ ನಿಮ್ಮ ನೆಂಟರಿಷ್ಟರಿಗೆ ತಿಳಿಯುವ ಮೊದಲೇ ನನ್ನ ಸೋದರಮಾವನಿಗೆ ತಿಳಿದಿರುತ್ತದೆ! ಸೈಟಿನ ಅಳತೆ, ಇಂಜಿನಿಯರ್ ಹೆಸರು, ಎಷ್ಟು ಅಂತಸ್ತು, ಎಲ್ಲ ಅವರ ಬಾಯಲ್ಲಿದೆ. ಅಷ್ಟೇ ಏಕೆ, ನೀವಿನ್ನೂ ಪಾಯ ತೋಡಿಸದಿದ್ದರೂ ನಿಮ್ಮ ಮನೆಯ ತಾರಸಿಗೆ ಮೋಲ್ಡ್ ಬೀಳುವ ವಾರವನ್ನು ಅವರು ಹೇಳಬಲ್ಲರು.

ಮಾವನದು ಶಿರಾ ಗೇಟ್ ಬಳಿ ಸೆಂಟ್ರಿಂಗ್ ಸಾಮಾನಿನ ಅಂಗಡಿ. ಮೋಲ್ಡ್ ಹಾಕುವಾಗ ಕಾಂಕ್ರೀಟಿಗೆ ಕೆಳಗಿನಿಂದ ಆಸರೆಯಾಗುವ ಕಬ್ಬಿಣದ ಶೀಟು, ಜಾಕಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಹಿಂದೆಲ್ಲ ಕಂಟ್ರಾಕ್ಟರುಗಳು ತಾವಾಗಿಯೇ ಬರುತ್ತಿದ್ದರು. ಈಗ ಸುತ್ತಮುತ್ತ ಹೊಸ ಅಂಗಡಿಗಳಾಗಿ, ಮಾವನ ಶೀಟುಗಳು ಗೋಡೆಗೊರಗಿ ತುಕ್ಕು ಹಿಡಿಯತೊಡಗಿದವು. ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು:

"ದೀಪಾವಳಿ ಒಳಗೆ ಇವು ಓಡಾಡ್ಲಿಲ್ಲ ಅಂದ್ರೆ ಗುಜರಿಯವ್ನಿಗೆ ಹಾಕ್ಬಿಡ್ತೀನಿ. ಅಂಗ್ಡಿಗೆ ಬೀಗ, ಅಷ್ಟೇ!"

ಮದುವೆಗೂ ಮುಂಚೆ ಇಟ್ಟ ಅಂಗಡಿ ಅದು. ಮಾವ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಆಮೇಲೆ ಆಗಿದ್ದಕ್ಕೆಲ್ಲ ನಾನೇ ಕಾರಣ. ಜಿಲ್ಲೆಯಲ್ಲಿ ಪ್ಲಾನ್ ಸ್ಯಾಂಕ್ಷನ್ ಆದವರ ಪಟ್ಟಿಯನ್ನು ಮೊಬೈಲಿನಲ್ಲೇ ನೋಡಬಹುದು ಎಂದು ಅವರಿಗೆ ತೋರಿಸಿಕೊಟ್ಟವಳು ನಾನು. ಯಾವ ಗಳಿಗೆಯಲ್ಲಿ ತೋರಿಸಿದೆನೋ! ಪ್ರತಿ ಸೋಮವಾರ ಸ್ನಾನ ಮಾಡಿ, ವಿಭೂತಿ ಧರಿಸಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಇಳಿಸಲು ಕೂತುಬಿಡುವರು. ಹೆಸರು, ಸೈಟು, ಚದರ. ಕೊನೆಯ ಕಾಲಮ್ಮು 'ಮೋಲ್ಡ್ ದಿನ'. ಪಾಯಕ್ಕೆ ಇಷ್ಟು ದಿನ, ಗೋಡೆಗೆ ಇಷ್ಟು ದಿನ, ಮೇಸ್ತ್ರಿ ಊರಿಗೆ ಹೋದವನು ವಾಪಸ್ ಬರುವುದಕ್ಕೆ ಹದಿನೈದು ದಿನ, ಆಷಾಢಕ್ಕೆ ಪೂರಾ ಒಂದು ತಿಂಗಳು ರಜೆ! "ಇಂಜಿನಿಯರ್ ಹೇಳಿದ್ ದಿನ ತಪ್ಪುತ್ತೆ ಕಣೇ, ನಂದು ತಪ್ಪಲ್ಲ" ಎನ್ನುವರು.

ಸರಿ, ಪಟ್ಟಿಯಾಯಿತು. ಕಂಟ್ರಾಕ್ಟರನ್ನು ಹಿಡಿಯುವುದು ಹೇಗೆ? ಗುದ್ದಲಿ ಪೂಜೆಯಲ್ಲಿ! ಒಳ್ಳೆಯ ಮುಹೂರ್ತವಿದ್ದ ಬೆಳಿಗ್ಗೆ ಗರಿಗರಿ ಬಿಳಿ ಶರ್ಟು ತೊಟ್ಟು, ಕೈಯಲ್ಲೊಂದು ತೆಂಗಿನಕಾಯಿ ಹಿಡಿದು, ಪಟ್ಟಿಯಲ್ಲಿದ್ದ ಸೈಟುಗಳ ಕಡೆ ಸ್ಕೂಟರ್ ತಿರುಗಿಸುವರು. ಕರೆದವರು ಯಾರು? ಯಾರೂ ಇಲ್ಲ! ಕಾಯಿ ಹಿಡಿದು ಬಂದ ಹಿರಿಯರನ್ನು "ನೀವ್ಯಾರು" ಎಂದು ಕೇಳುವ ಧೈರ್ಯ ಯಾರಿಗಿದೆ ಹೇಳಿ?

ಕುಣಿಗಲ್‌ನಲ್ಲಿ ಹೀಗೇ ಹೋಗಿ ನಿಂತರು. ಮನೆಯವರು ಇವರನ್ನು ಕಂಟ್ರಾಕ್ಟರ್ ಕಡೆಯವರೆಂದುಕೊಂಡರು; ಕಂಟ್ರಾಕ್ಟರ್ ಮನೆಯವರ ಕಡೆಯವರೆಂದುಕೊಂಡ. ಅಷ್ಟರಲ್ಲಿ ನೀರಿನ ಸಂಪು ಎಲ್ಲಿ ತೋಡಬೇಕು ಎಂದು ಅವರಿಬ್ಬರಿಗೂ ಜಟಾಪಟಿ ಶುರುವಾಯಿತು. ಕೊನೆಗೆ ಇಬ್ಬರೂ ಮಾವನ ಕಡೆ ತಿರುಗಿ, "ದೊಡ್ಡೋರು, ನೀವೇ ಹೇಳ್ಬುಡಿ" ಎಂದರು. ಮಾವ ಬಾಯಲ್ಲಿದ್ದ ಕೇಸರಿಬಾತ್ ನುಂಗಿ, "ಗೇಟ್ ಒಂಚೂರು ಈ ಕಡೆ ಜರುಗ್ಸಿ, ಸಂಪು ಆ ಮೂಲೆಗೆ ಹಾಕ್ರಪ್ಪ" ಎಂದು ತೀರ್ಪು ಕೊಟ್ಟರು. ಸಂಪು ಇವತ್ತಿಗೂ ಆ ಮೂಲೆಯಲ್ಲೇ ಇದೆ. ಆರ್ಡರ್ರೂ ಸಿಕ್ಕಿತು!

ಆದರೆ ಗುಬ್ಬಿಯಲ್ಲಿ ಕೈ ಸುಟ್ಟುಕೊಂಡರು. ಅಲ್ಲೊಂದು ಕೂಡು ಕುಟುಂಬ. ತಮ್ಮನು ಅಣ್ಣನಿಗೆ ಗೊತ್ತಾಗದಂತೆ ಹೆಂಡತಿ ಹೆಸರಿನಲ್ಲಿ ಪ್ಲಾನ್ ಮಾಡಿಸಿದ್ದ. ಮಾವ ಸೀದಾ ಹೋಗಿ ಬಾಗಿಲು ತಟ್ಟಿದರು. ತೆರೆದವನು ಅಣ್ಣ.

"ಹೊಸ ಮನೆ ಕಟ್ತಿದೀರಂತೆ, ಬಾಳ ಸಂತೋಷ! ಕಂಟ್ರಾಕ್ಟರ್ ಯಾರು?"

"ಯಾರ್ರೀ ಕಟ್ತಿರೋದು?"

ಮಾವ ನೋಟ್‌ಬುಕ್ ಬಿಚ್ಚಿ ಹೆಸರು ಓದಿಯೇಬಿಟ್ಟರು! ಒಳಗೆ ಪಾತ್ರೆ ಬಿದ್ದ ಸದ್ದಾಯಿತಂತೆ. ಮಾವ ಸ್ಕೂಟರ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಬೀದಿ ದಾಟಿದರಂತೆ. ಎರಡು ತಿಂಗಳಿಗೆ ಪಟ್ಟಿಯಲ್ಲಿ ಅಣ್ಣನ ಹೆಸರೂ ಬಂತು. "ನೋಡ್ದಾ, ನಾನ್ ಹೋಗಿದ್ರಿಂದ ಇನ್ನೊಂದ್ ಮೋಲ್ಡ್ ಹುಟ್ತು!" ಎಂದು ಮಾವ ಬೀಗಿದರು. ಆ ಎರಡರಲ್ಲಿ ಒಂದೂ ಇವರಿಗೆ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಈ ಕಥೆ ಕೇಳಿದ್ದೇ ನನ್ನ ಯಜಮಾನರು ಹೆದರಿದರು. ಯಾಕೆಂದರೆ ಅದೇ ಸಮಯಕ್ಕೆ ನಮ್ಮ ಮನೆಯ ಪ್ಲಾನೂ ಅವರ ಹೆಸರಿನಲ್ಲಿ ಸ್ಯಾಂಕ್ಷನ್ ಆಗಿತ್ತು.

"ನಿಮ್ಮ ಮಾವಂಗೆ ಹೇಳ್ಬೇಡ ಕಣೇ. ಬಂದ್ರೆ ನಮ್ ಸಂಪೂ ಅವ್ರೇ ಡಿಸೈಡ್ ಮಾಡ್ತಾರೆ."

ನಾನೂ ನಕ್ಕು ಒಪ್ಪಿಕೊಂಡೆ. ಪೂಜೆಯ ದಿನ ಮಾವ ಎಲ್ಲಿ ಬಂದುಬಿಡುತ್ತಾರೋ ಎಂದು ರಸ್ತೆ ನೋಡಿದ್ದೇ ನೋಡಿದ್ದು. ಬರಲಿಲ್ಲ. ಸದ್ಯ, ಪಟ್ಟಿಯಲ್ಲಿ ನಮ್ಮದು ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡೆ.

ಗೋಡೆಗಳು ಎದ್ದವು. ಮೋಲ್ಡಿಗೆ ಇನ್ನೇನು ವಾರವಿದೆ ಎನ್ನುವಾಗ ನಮ್ಮ ಕಂಟ್ರಾಕ್ಟರ್ ಕೈ ಚೆಲ್ಲಿದ. "ಹಬ್ಬದ್ ಮುಂದೆ ಎಲ್ರೂ ಮೋಲ್ಡ್ ಇಟ್ಕೊಂಡವ್ರೆ ಮೇಡಂ, ಎಲ್ಲೂ ಶೀಟ್ ಸಿಗ್ತಿಲ್ಲ." ನಾಚಿಕೆ ಬಿಟ್ಟು ಮಾವನ ಅಂಗಡಿಗೆ ಹೋದೆ. ಮಾವ ಇರಲಿಲ್ಲ. ಅತ್ತೆ ಕೂತಿದ್ದರು, ಮುಖ ಗಂಟು.

"ನಿಮ್ಮಾವಂಗೆ ತಲೆ ಕೆಟ್ಟೈತೆ ಕಣವ್ವ. ಆ ಕುಣಿಗಲ್ ಆರ್ಡರ್ ಬಿಟ್ರೆ ಶೀಟು ಅಲ್ಲಾಡಿಲ್ಲ, ಬಂದ ಎರಡು ಪಾರ್ಟಿನೂ ವಾಪಸ್ ಕಳ್ಸಿದ್ರು. ಯಾರಿಗೋ ಬುಕ್ ಆಗೈತಂತೆ, ಯಾರಿಗೆ ಅಂತ ಬಾಯ್ ಬಿಡಲ್ಲ. ನಾಳೆ ಗುಜರಿಯವ್ನು ಬರ್ತಾನೆ, ಬರ್ಲಿ ಬುಡು!"

ಗೋಡೆಗೊರಗಿದ್ದ ಶೀಟುಗಳ ತುಕ್ಕನ್ನು ಉಜ್ಜಿ, ಎಣ್ಣೆ ಸವರಿದ್ದರು. ಮೇಜಿನ ಮೇಲೆ ನೋಟ್‌ಬುಕ್ ಇತ್ತು. ತೆರೆದೆ. ನನ್ನ ಯಜಮಾನರ ಹೆಸರು, ನಮ್ಮ ಸೈಟು, ನಮ್ಮ ಚದರ. ಮೋಲ್ಡ್ ದಿನದ ಸುತ್ತ ಕೆಂಪು ಶಾಯಿ. ಅದರ ಮುಂದೆ ಮಾವನ ಗುಂಡಗಿನ ಅಕ್ಷರ: 'ನಮ್ಮ ಮಗು ಮನೆ. ಶೀಟು ಯಾರಿಗೂ ಕೊಡಕೂಡದು. ಕರೆದರೆ ಮಾತ್ರ ಹೋಗುವುದು.'

ಊರಿನವರ ಪೂಜೆಗೆಲ್ಲ ಕರೆಯದೆ ಹೋಗುವ ಮನುಷ್ಯ! ನನಗೆ ದುಃಖ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸ್ಕೂಟರ್ ಬಂತು. ಮಾವ ನನ್ನನ್ನು ನೋಡಿದರು, ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು, ಮುಖ ತಿರುಗಿಸಿ ಕನ್ನಡಕ ಒರೆಸತೊಡಗಿದರು.

"ಮಾವ, ನಾವು ಮನೆ ಕಟ್ತಿದೀವಿ."

"ಹೌದಾ? ನಂಗೆ ಗೊತ್ತೇ ಇರ್ಲಿಲ್ವಲ್ಲಮ್ಮ!"

"ಗುರುವಾರ ಮೋಲ್ಡು. ಶೀಟು ನಾಳೆನೇ ಕಳ್ಸಿ, ಅವತ್ತು ಅತ್ತೆನೂ ಕರ್ಕೊಂಡು ಬೆಳಿಗ್ಗೆನೇ ಬಂದ್ಬಿಡಿ" ಎಂದೆ. ನೋಟ್‌ಬುಕ್ ಅವರ ಕೈಗಿಟ್ಟೆ. "ಸಂಪು ಇನ್ನೂ ತೋಡ್ಸಿಲ್ಲ ಮಾವ. ಎಲ್ಲಿ ಅಂತ ನೀವೇ ಹೇಳ್ಬೇಕು."