ಬ್ಯಾಡ ಅಂದ್ರ ಬ್ಯಾಡ

ಎಲ್ಲಕ್ಕೂ ಮೂಲ ಒಂದು ಶೇಂಗಾ ಹೋಳಿಗೆ. ಏಳನೆಯ ಇಯತ್ತೆಯ ದತ್ತಾ ಅದನ್ನು ಐದನೆಯ ಇಯತ್ತೆಯ ಶಬನಮಳ ಡಬ್ಬಿಯಿಂದ ಕಸಿದು ತಿಂದ. ಅದೇನೂ ಮೊದಲ ಸಲವಲ್ಲ. ಆ ಹುಡುಗಿಯ ಡಬ್ಬಿ ಅವನಿಗೆ ಸೋದರಮಾವನ ಮನೆ ಇದ್ದಂತೆ. ಆದರೆ ಈ ಸಲ ಅವಳಪ್ಪ, ಬಳೆ ವ್ಯಾಪಾರದ ಬಾದಶಹಾ, ನೆಟ್ಟಗೆ ತಾಲೂಕಿನ ಶಿಕ್ಷಣ ಸಾಹೇಬರ ಮುಂದೆ ಹೋಗಿ ನಿಂತ. ಸಾಹೇಬರು ಗಲ್ಲ ಕೆರೆದುಕೊಂಡು ಹುಕುಂ ಹೊರಡಿಸಿದರು: ದೊಡ್ಡ ಹುಡುಗರು ಸಣ್ಣವರನ್ನು ಕಾಡಬಾರದು, ಅದಕ್ಕೆ ಪೀಟಿ ತಾಸಿನಲ್ಲಿ ಮಕ್ಕಳಿಗೆ ಕರಾಟೆ ಕಲಿಸತಕ್ಕದ್ದು.

ಸಂಖದ ಕಡೆಯ ಆ ಕನ್ನಡ ಶಾಲೆಯ ಪೀಟಿ ಮಾಸ್ತರ ಯಾರು? ಗೊಲ್ಲಾಳಪ್ಪ. ಇಡೀ ಜತ್ತ ತಾಲೂಕು ಜರಡಿ ಹಿಡಿದರೂ ಅಂಥ ಬಡಪಾಯಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಹೆಡ್‌ಮಾಸ್ತರ ಮುರಗೆಪ್ಪನವರು ತಮ್ಮ ಪಾಲಿನ ಮತದಾರರ ಯಾದಿಯಿಂದ ಹಿಡಿದು ಮನೆಯ ಜೋಳ ಗಿರಣಿಗೆ ಹಾಕಿಸುವತನಕ ಎಲ್ಲವನ್ನೂ ಇವನ ತಲೆಗೇ ಕಟ್ಟುತ್ತಿದ್ದರು. ಇವನು "ಆಗ್ಲಿರಿ ಸರ" ಎನ್ನುತ್ತಿದ್ದ.

ಜತ್ತದಲ್ಲಿ ಮಾಸ್ತರರಿಗೆಂದು ನಡೆದ ಮೂರು ದಿನದ ಕರಾಟೆ ಶಿಬಿರದಲ್ಲಿ ಅವನಿಗೆ ಹತ್ತಿದ ವಿದ್ಯೆ ಇಷ್ಟೇ: ಕಾಲು ಅಗಲಿಸಿ ಊರು, ಎದುರಿನವನ ಕಣ್ಣಲ್ಲಿ ಕಣ್ಣಿಡು, ಹೊಟ್ಟೆಯಿಂದ ಒದರು, "ಬ್ಯಾಡ ಅಂದ್ರ ಬ್ಯಾಡ!" ಕೈ ಎತ್ತುವುದು ಆಮೇಲಿನ ಮಾತು. ಎರಡು ತಿಂಗಳು ಮಕ್ಕಳಿಗೆ ಇದನ್ನೇ ಉರು ಹೊಡೆಸಿದ. ತಾನು ಮಾತ್ರ ಹುಟ್ಟಿದಾಗಿನಿಂದ ಯಾರಿಗೂ ಒಮ್ಮೆಯೂ ಹಾಗೆಂದವನಲ್ಲ.

ಇವತ್ತು ಅವನ ಮಗಳ ತೊಟ್ಟಿಲು. ಹೆಂಡತಿ ಮನಿಷಾಳ ತವರು ಸೊರಡಿಯಲ್ಲಿ, ಸಂಜೆ ನಾಲ್ಕಕ್ಕೆ. ಮನಿಷಾ ಬಸುರಿದ್ದಾಗಲೇ ಆರಿಸಿಟ್ಟ ಹೆಸರು ಸ್ನೇಹಲ. ಆದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆ ಸೋದರತ್ತೆ ಅಂದರೆ ಮಾಡಗ್ಯಾಳದ ಚಂದ್ರಾಬಾಯಿ, ಗೊಲ್ಲಾಳಪ್ಪನ ಅಕ್ಕ. ತೀರಿಕೊಂಡ ತಾಯಿ ತಿಪ್ಪವ್ವನ ಹೆಸರೇ ಇಡುತ್ತೇನೆಂದು ಪಟ್ಟು ಹಿಡಿದು ಕೂತಿದ್ದಳು. ಕಿವಿಗೆ ಒಮ್ಮೆ ಬಿದ್ದ ಹೆಸರು ಬಿದ್ದದ್ದೇ, ತಿರುಗಿ ತೆಗೆಯಲು ಬರುವುದಿಲ್ಲ.

"ನಿಮ್ಮಕ್ಕಗ ನೀವ ಹೇಳ್ಬೇಕ್ರಿ," ಎಂದಿದ್ದಳು ಮನಿಷಾ. "ನನ್ನ ಮಗಳು ತಿಪ್ಪವ್ವ ಆದ್ಲಂದ್ರ ನಾ ಸೊರಡಿ ಬಿಟ್ಟು ನಿಮ್ಮ ಮನಿಗಿ ಬರಾಂಗಿಲ್ಲ, ನೋಡ್ರಿ ಮತ್ತ."

ಮುಂಜಾನೆ ಗೊಲ್ಲಾಳಪ್ಪ ರಜೆಯ ಅರ್ಜಿ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಂತ. "ಸರ, ಒಂದೂವರಿ ಎಸ್ಟಿ ಬಸ್ಸಿಗಿ ಹೋಗ್ಬೇಕ್ರಿ. ಮಗಳ ತೊಟ್ಲ ಐತ್ರಿ."

"ಕರಾಟೆ ನೋಡ್ಲಾಕ ಇವತ್ತ ಸಾಹೇಬ್ರು ಬರ್ತಾರ, ಇಂವ ತೊಟ್ಲ ತೂಗ್ಲಾಕ ಹೊಂಟಾನ!" ಮುರಗೆಪ್ಪನವರು ಅರ್ಜಿಯನ್ನು ಮಡಚಿ ಕಿಸೆಗೆ ಇಳಿಸಿದರು. "ಮೊದ್ಲ ಸಾಹೇಬ್ರು. ಉಳದದ್ದ ಆಮ್ಯಾಲ ನೋಡೂಣು."

ಹನ್ನೊಂದಕ್ಕೆ ಬರಬೇಕಾದ ಜೀಪು ಹನ್ನೆರಡೂವರೆಗೆ ಬಂತು. ಆಮೇಲೆ ಹಾರ. ಆಮೇಲೆ ಮುರಗೆಪ್ಪನವರ ಭಾಷಣ. ಅದರಲ್ಲಿ ಕರಾಟೆಯ ಕಲ್ಪನೆ ಮೊದಲು ತಮ್ಮ ತಲೆಗೇ ಹೊಳೆದದ್ದು ಎಂಬ ಹೊಸ ಸಂಗತಿಯೂ ಇತ್ತು. ಗೊಲ್ಲಾಳಪ್ಪನ ಕಣ್ಣೆಲ್ಲ ಗಡಿಯಾರದ ಮುಳ್ಳಿನ ಮೇಲೆ.

ಕಡೆಗೊಮ್ಮೆ ಆಟ ಸುರುವಾಯಿತು. ದತ್ತಾ ಡಬ್ಬಿ ಕಸಿದಂತೆ ಮಾಡಬೇಕು, ಶಬನಮ ತಡೆಯಬೇಕು, ಹಾಗೆಂದು ತಾಲೀಮು ಆಗಿತ್ತು. ಡಬ್ಬಿಯಲ್ಲಿ ನಿಜವಾದ ಶೇಂಗಾ ಹೋಳಿಗೆ ಇದ್ದದ್ದು ತಪ್ಪಾಯಿತು. ಅದರ ವಾಸನೆ ಬಡಿದದ್ದೇ ದತ್ತಾ ತಾಲೀಮು ಮರೆತು ಎರಡೂ ಕೈ ಹಾಕಿದ. ಶಬನಮ ಕಾಲೂರಿ, ಕಣ್ಣಲ್ಲಿ ಕಣ್ಣಿಟ್ಟು, "ಬ್ಯಾಡ ಅಂದ್ರ ಬ್ಯಾಡ!" ಎಂದು ಒದರಿದಳು ನೋಡಿ, ಹಂಚಿನ ಮೇಲಿನ ಪಾರಿವಾಳ ಹಾರಿಹೋದವು. ದತ್ತಾ ಬೆದರಿ ಹಿಂದೆ ಸರಿದವನು ಟೇಬಲ್ಲಿಗೆ ಬಡಿದ, ಟೇಬಲ್ಲಿನ ಚಹಾ ಮುರಗೆಪ್ಪನವರ ಬಿಳಿ ಧೋತರಕ್ಕೆ ಹೋಯಿತು.

"ಶಾಬಾಸ್!" ಎಂದರು ಸಾಹೇಬರು.

ಧೋತರ ಹಿಂಡುತ್ತ ಮುರಗೆಪ್ಪನವರು ಹಲ್ಲು ಕಡಿದರು. "ಗೊಲ್ಲಾಳಪ್ಪ, ಏನೇನ ಆತಂತ ಇದರ ಅಹವಾಲ ಈಗಿಂದೀಗ ಬರಿ. ಮೂರ ಪ್ರತಿ."

ಅಷ್ಟರಲ್ಲಿ ಹೊರಗೆ ಎಸ್ಟಿಯ ಹಾರ್ನ್ ಕೇಳಿಸಿತು. "ಆಗ್ಲಿರಿ..." ಎಂದು ಬಾಯಿಗೆ ಬಂದೇ ಬಿಟ್ಟಿತ್ತು. ಪಕ್ಕದಲ್ಲಿದ್ದ ಶಬನಮ ಮೆಲ್ಲಗೆ ಅಂದಳು, "ಸರ, ಕಾಲ ಊರ್ರಿ."

ಗೊಲ್ಲಾಳಪ್ಪ ಕಾಲೂರಿದ. ಹೆಡ್‌ಮಾಸ್ತರರ ಕಣ್ಣಲ್ಲಿ ಕಣ್ಣಿಟ್ಟ. "ಬ್ಯಾಡ ಅಂದ್ರ ಬ್ಯಾಡ!"

ಅದೂ ಆಟದ ಒಂದು ಭಾಗವೇ ಎಂದುಕೊಂಡ ಸಾಹೇಬರು ಚಪ್ಪಾಳೆ ತಟ್ಟಿದರು. ಸಾಹೇಬರು ತಟ್ಟಿದ ಮೇಲೆ ಮುರಗೆಪ್ಪನವರೂ ತಟ್ಟಬೇಕಾಯಿತು. ಸಾಹೇಬರ ಎದುರಿಗೆ ಇಲ್ಲವೆನ್ನಲಾಗದೆ ಕಿಸೆಯಿಂದ ಅರ್ಜಿ ತೆಗೆದು, ಹಸಿ ಕೈಯಿಂದಲೇ ಸಹಿ ಹಾಕಿಕೊಟ್ಟರು.

ಎಸ್ಟಿ ಹತ್ತಿದ ಗೊಲ್ಲಾಳಪ್ಪ ಮೊದಲಿನ ಗೊಲ್ಲಾಳಪ್ಪನಾಗಿ ಉಳಿದಿರಲಿಲ್ಲ. ಅಯ್ಯೋ, ಇಷ್ಟು ಸುಲಭದ ಮಾತನ್ನು ಇಷ್ಟು ವರ್ಷ ಆಡಲಿಲ್ಲವಲ್ಲ! ತಾನು ಕಿಟಕಿಯಿಂದ ಅರಿವೆ ಹಾಕಿ ಹಿಡಿದ ಸೀಟಿನಲ್ಲಿ ಕೂತಿದ್ದ ಗಿರಿಜಾ ಮೀಸೆಯವನಿಗೆ ಒಮ್ಮೆ ಅಂದ, ಮೀಸೆಯವನು ಎದ್ದುಹೋದ. ಸೊರಡಿಯ ತನಕ ಅಕ್ಕನಿಗೆ ಹೇಗೆ ಅನ್ನಬೇಕೆಂದು ಮನಸ್ಸಿನಲ್ಲೇ ತಾಲೀಮು ನಡೆಸಿದ.

ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಎಸ್ಟಿ ನಿಂತಿತು. ಮೂರೂವರೆ ಆಯಿತು. ತಡೆಯಲಾರದೆ ಮಾಸ್ತರ ಕೆಳಗಿಳಿದು, ನಡುರಸ್ತೆಯಲ್ಲಿ ಕಾಲೂರಿ, ಮುಂದಿದ್ದ ಟಗರಿನ ಕಣ್ಣಲ್ಲಿ ಕಣ್ಣಿಟ್ಟು ಒದರಿದ. ಟಗರಿಗೆ ತನ್ನದೇ ವಿದ್ಯೆ ಗೊತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಗುದ್ದಿದ ಹೊಡೆತಕ್ಕೆ ಮಾಸ್ತರ ಜಾಲಿಕಂಟಿಯಲ್ಲಿದ್ದ.

"ಟಗರಿನ ಕಣ್ಣಾಗ ಯಾರರೆ ನೋಡ್ತಾರೇನ್ರಿ ಮಾಸ್ತರ?" ಎಂದು ಕುರಿಗಾರ ಎತ್ತಿ ನಿಲ್ಲಿಸಿದ.

ಹರಿದ ಪ್ಯಾಂಟು, ತಲೆತುಂಬ ಮುಳ್ಳು. ಸೊರಡಿಯ ಮಾವನ ಮನೆಯ ಬಾಗಿಲಿಗೆ ಗೊಲ್ಲಾಳಪ್ಪ ಓಡಿ ಬಂದಾಗ ನಾಲ್ಕು ದಾಟಿತ್ತು. ಒಳಗೆ ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತಿದ್ದರು. ಹೆಸರು ಕಿವಿಗೆ ಬಿದ್ದ ಕೂಡಲೇ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಎಲ್ಲರ ಮುಷ್ಟಿಗಳೂ ತಯಾರಿದ್ದವು. ಚಂದ್ರಾಬಾಯಿ ಕೂಸಿನ ಕಿವಿಗೆ ಬಾಗಿ, ಹೆಸರಿಗೆ ಮೊದಲು ರೂಢಿಯಂತೆ "ಕುರ್ರ್‌ರ್..." ಎಂದಳು.

ಗೊಲ್ಲಾಳಪ್ಪ ಹೊಸ್ತಿಲಲ್ಲಿ ಕಾಲೂರಿದ. "ಬ್ಯಾಡ ಅಂದ್ರ ಬ್ಯಾಡ, ಅಕ್ಕಾ! ನೀ ಹೇಳೂ ಹೆಸರ ನನ್ನ ಮಗಳಿಗಿ ಬ್ಯಾಡ!"

ಮುಷ್ಟಿಗಳೆಲ್ಲ ಮೇಲೆಯೇ ನಿಂತವು. ಮನಿಷಾ ಹಣೆಗೆ ಕೈ ಹಚ್ಚಿಕೊಂಡಳು. ಗೆದ್ದ ಸಂತೋಷದಲ್ಲಿ ಗೊಲ್ಲಾಳಪ್ಪನಿಗೆ ಅದು ಕಾಣಲಿಲ್ಲ.

ಚಂದ್ರಾಬಾಯಿ ಮೆಲ್ಲಗೆ ಹೊರಳಿದಳು. ಕಣ್ಣಲ್ಲಿ ನೀರಾಡುತ್ತಿತ್ತು. "ಮುಂಜಾನಿಂದ ನಿನ್ನ ಹೆಂಡ್ತಿ ಕೈಕಾಲ ಬಿದ್ದು ಒಪ್ಪಿಸ್ಯಾಳ. ಹೆತ್ತಾಕಿ ಆಸಿ, ಇರ್ಲಿ ಅಂತ, ನಮ್ಮವ್ವನ ಹೆಸರ ನುಂಗಿಕೊಂಡು ಸ್ನೇಹಲ ಅನ್ಲಾಕ ಬಗ್ಗಿದ್ದೆ. ನೀ ಬಂದು ತುಂಬಿದ ಮಂದ್ಯಾಗ ಬ್ಯಾಡ ಅಂತಿ. ಆತು ತಗೊ, ನಿನ್ನ ಮಾತ ಯಾಕ ಮೀರ್ಲಿ?"

"ಅಕ್ಕಾ, ಹಂಗಲ್ಲ, ನಾ ಅಂದದ್ದು..."

ಅಕ್ಕ ಮತ್ತೆ ಬಾಗಿಯಾಗಿತ್ತು. "ಕುರ್ರ್‌ರ್... ತಿಪ್ಪವ್ವ!"

ಹೆಂಗಸರ ಮುಷ್ಟಿಗಳು ದಬದಬನೆ ಅವಳ ಬೆನ್ನ ಮೇಲೆ ಬಿದ್ದವು. ಗುಗ್ಗರಿ ಹಂಚಿದರು. ಗೊಲ್ಲಾಳಪ್ಪ ಹೊಸ್ತಿಲಲ್ಲಿ ಅಗಲಿಸಿದ ಕಾಲು ಅಗಲಿಸಿಕೊಂಡೇ ನಿಂತಿದ್ದ.

ಮಂದಿ ಕರಗಿದ ಮೇಲೆ ಮನಿಷಾ ಕೂಸನ್ನು ತಂದು ಅವನ ಕೈಗಿತ್ತಳು. ಕಾಲೂರಿ, ಕಣ್ಣಲ್ಲಿ ಕಣ್ಣಿಟ್ಟು ಅಂದಳು, "ಈ ಹೆಸರ ಕಟಗೊಂಡು ಸಾಲಿಗಿ ಹೋದ್ರ ಹುಡುಗ್ರು ಕಾಡಲಾರದ ಬಿಡ್ತಾರೇನ್ರಿ? ಹಿಡೀರಿ, ನಿಮ್ಮ ಕರಾಟೆ ಇವತ್ತಿಂದನ ಸುರು ಮಾಡ್ರಿ. ಇಕಿ ಕಲ್ತ ದಿವ್ಸ ಇಬ್ರೂ ನಿಮ್ಮ ಮನಿಗಿ ಬರ್ತೀವಿ."

ಕೂಸಿಗೆ ಅವತ್ತಿಗೆ ಹದಿಮೂರು ದಿನ.